ಹತ್ತು ಗಂಟೆಯ ಇಂಟರ್‌ವ್ಯೂ

ಬಸ್ಸು ಆಮೆಯ ಹಾಗೆ ತೆವಳುತ್ತಿತ್ತು. ಮುಂದಿನ ಸೀಟಿನಲ್ಲಿ ಅಕ್ಕ, ತಂಗಿ ಕೂತಿದ್ದರು. ಅವರ ಹಿಂದಿದ್ದ ದರ್ಜಿಯ ಕಿವಿಯೆಲ್ಲ ಅತ್ತಲೇ ಇತ್ತು.

“ಹತ್ತಾಗೋಯ್ತು ಅಕ್ಕಾ! ಇಂಟರ್‌ವ್ಯೂ ಕೈ ತಪ್ಪಿದ ಹಾಗೇ.”

“ಸುಮ್ನೆ ಕೂತ್ಕೋ. ಪ್ರೋಗ್ರಾಂ ಕೋಆರ್ಡಿನೇಟರ್ ಏನ್ಮಾಡ್ಬೇಕು ಅಂತ ಕೇಳಿದ್ರೆ ಏನ್ ಹೇಳ್ತೀಯಾ?”

“ನೀನು ಆಸ್ಪತ್ರೇಲಿ ಮಾಡೋದನ್ನೇ. ರಕ್ತದಾನ ಶಿಬಿರಕ್ಕೆ ಮಂಚ, ಬಿಸ್ಕತ್ತು, ಡಾಕ್ಟರು ಎಲ್ಲ ಹೊಂದಿಸೋದು.”

“ನೀನು ಹೋಗ್ತಿರೋದು ಮ್ಯೂಸಿಯಂಗೆ ಕಣೇ. ಅಲ್ಲಿ ಬಿಸ್ಕತ್ತು ಯಾರಿಗೆ, ಕಲ್ಲಿನ ಆನೆಗಾ?”

“ಮತ್ತೆ?”

“ಶಾಲೆ ಮಕ್ಕಳು ಬಂದಾಗ ಗೈಡ್ ಇರ್ಬೇಕು. ಎರಡು ಗುಂಪು ಒಂದೇ ಕೋಣೆಗೆ ನುಗ್ಬಾರ್ದು. ಕಾಲೇಜಲ್ಲಿ ಇದೇ ಕೆಲಸ ಮಾಡೋ ನನ್ನ ಗೆಳತಿ ದಿನವಿಡೀ ಸೆಮಿನಾರ್ ಹಾಲಿನ ಬೀಗದ ಕೈ ಹುಡುಕ್ತಿರ್ತಾಳೆ.”

“ಹಾಗಾದ್ರೆ ಎಲ್ಲಾ ಕಡೆ ಒಂದೇ ಥರ ಇರೋದೇನು?”

“ಬರ್ಬೇಕಾದವರು ಹೊತ್ತಿಗೆ ಬರೋ ಹಾಗೆ ನೋಡ್ಕೊಳ್ಳೋದು. ನಮ್ಮ ದೊಡ್ಡ ಡಾಕ್ಟರಿಗೆ ನಾನು ಯಾವಾಗ್ಲೂ ಒಂದು ಗಂಟೆ ಮುಂಚಿನ ಟೈಮೇ ಹೇಳೋದು.”

ತಂಗಿ ಅಕ್ಕನ ಮುಖವನ್ನೇ ನೋಡಿದಳು.

“ಮ್ಯೂಸಿಯಂ ಫೋನ್ ಬಂದಿದ್ದು ನಿನ್ನ ಮೊಬೈಲಿಗೆ ಅಲ್ವಾ? ನಿಜವಾಗ್ಲೂ ಎಷ್ಟು ಗಂಟೆಗೆ ಅಂದ್ರು?”

“ಹನ್ನೊಂದು. ಏಳು, ಸ್ಟಾಪ್ ಬಂತು.”

ತಂಗಿ ಬ್ಯಾಗಿನಿಂದ ಅಕ್ಕನ ಬೆನ್ನಿಗೊಂದು ಕೊಟ್ಟು ಇಳಿದಳು.

“ಈ ವಿದ್ಯೇನ ಅಲ್ಲಿ ಹೇಳ್ಬಹುದೇನೇ?” ಎಂದು ಅವಳು ಕೆಳಗೆ ಕೇಳಿದ್ದು ದರ್ಜಿಗೆ ಕೇಳಿಸಿತು. ಅವನು ಕಿಟಕಿಯತ್ತ ಬಾಗುವಷ್ಟರಲ್ಲಿ ಬಸ್ಸು ಹೊರಟಿತು.