ಅದಲು ಬದಲು

ಕುಟ್ಟದ ಕಡೆಯ ಕಾಫಿ ಎಸ್ಟೇಟಿನ ಕೂಲಿಯಾಳು ಯಮುನಾ ಕತ್ತಿ ತಾಗಿದ ಬೆರಳು ಹಿಡಿದುಕೊಂಡು ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ಕಾಲೇಜಿನ ಮೇಡಂ ಒಬ್ಬರು. ಅವರ ಸೀರೆಯ ತುಂಬ ಬೇರೆ ಯಾರದೋ ರಕ್ತ. ಅಷ್ಟರಲ್ಲಿ ಪ್ರಿನ್ಸಿಪಾಲರು ಏದುಸಿರು ಬಿಡುತ್ತ ಬಂದು ಎದುರು ನಿಂತರು.

“ಅದೇನು ಪಾಠ ಮಾಡ್ತಿದ್ರಿ ಸೌಮ್ಯ?”

“ಒಬ್ಬರ ಜೊತೆ ಒಬ್ಬರು ಹೇಗೆ ಮಾತಾಡಬೇಕು ಅಂತ ಸರ್. ಕ್ಲಾಸಲ್ಲಿ ನಾಲ್ಕೈದು ಭಾಷೆಯವರು, ಹತ್ತು ಥರದ ಮನೆಯವರು. ಪಾತ್ರ ಅದಲು ಬದಲು ಮಾಡ್ಕೊಂಡು ಮಾತಾಡಿ ಅಂದೆ.”

“ಅದಕ್ಕೆ ತಲೆ ಒಡೀತಾರೇನ್ರೀ?”

“ಕುಟ್ಟದ ಎಸ್ಟೇಟ್ ಸಾಹುಕಾರರ ಮಗ ದೀಪಕ್ ಆಳಾದ. ಅವರದೇ ಕೂಲಿಯವರ ಲೈನ್‌ಮನೆಯ ಚೋಮ ಸಾಹುಕಾರನಾದ. ಆಳು ಕೆಲಸಕ್ಕೆ ತಡವಾಗಿ ಬಂದಿದ್ದಾನೆ, ಮಾತಲ್ಲೇ ಬಗೆಹರಿಸಿ ಅಂದೆ.”

“ಆಮೇಲೆ?”

“ಚೋಮ ಮಾತೇ ಆಡಲಿಲ್ಲ ಸರ್. ಬೆಲ್ಟ್ ಬಿಚ್ಚಿ ಬಕಲ್ ಕಡೆಯಿಂದ ಬಾರಿಸಿದ.”

ಬಕಲ್ ಕಡೆಯಿಂದ ಹೊಡೆಯುವ ಸಾಹುಕಾರ ಯಾರೆಂದು ಯಮುನಾಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

“ಯಾಕೋ ಅಂತ ಚೋಮನ್ನ ಕೇಳಿದ್ರೆ, ‘ನಮ್ಮಪ್ಪನಿಗೆ ಹೊಡೆಯೋದು ಹೀಗೇ ಅಲ್ವಾ ಮೇಡಂ’ ಅಂದ.”

“ದೀಪಕ್ ಗಟ್ಟಿ ಹುಡುಗ. ಸುಮ್ನೆ ಹೊಡೆಸ್ಕೊಂಡ್ನಾ?”

“ಕೈ ಕಟ್ಟಿ, ತಲೆ ತಗ್ಗಿಸಿ ನಿಂತಿದ್ದ ಸರ್. ಹಣೆ ಒಡೆದು ರಕ್ತ ಸುರೀತಿತ್ತು. ಅಡ್ಡ ಹೋದ ನನ್ನನ್ನ ಅವನೇ ಪಕ್ಕಕ್ಕೆ ತಳ್ಳಿದ.”

“ದೀಪಕ್ಕೇ?”

“ಹೌದು. ‘ಬಿಡಿ ಮೇಡಂ, ಇನ್ನೂ ಮುಗಿದಿಲ್ಲ. ಅಪ್ಪ ಹೊಡೆಯೋದನ್ನ ನಾನು ಚಿಕ್ಕಂದಿನಿಂದ ನೋಡಿದ್ದೀನಿ’ ಅಂದ.”

“ದೀಪಕ್ ಕಡೆಯವರು ಯಾರು?” ಒಳಗಿಂದ ನರ್ಸ್ ಕೂಗಿದಳು.

ಪ್ರಿನ್ಸಿಪಾಲರು, ಮೇಡಂ ಇಬ್ಬರೂ ಒಳಗೆ ಹೋದರು.