ಕೈ ಕಟ್ಟಿ ನಿಲ್ಲಿಸಿದ ಗಾಜಿನ ತೊಟ್ಟಿ

ತಾಯಿ ಸುಂದ್ರವ್ವನವರೇ, ಯಮಕನಮರಡಿಯ ಹಿರಿಯರೇ, ನಮ್ಮ ಶಾಲೆಯ ಮಕ್ಕಳೇ —

ಕಂಪನಿ ನಾಟಕ ನೋಡಿ ಬೆಳೆದು, ಬಣ್ಣ ಹಚ್ಚಿದವನು ನಾನು. ಇಂದು ಅಳುವ ಪಾತ್ರಕ್ಕೆ ನಿಂತಿಲ್ಲ. ಗೆದ್ದವರನ್ನು ಗೆದ್ದವರಂತೆಯೇ ಕಳಿಸಬೇಕು. ನಿಮ್ಮ ಯಜಮಾನರು, ನಮ್ಮ ವಿಜ್ಞಾನದ ಮಾಸ್ತರರು, ಬೀರಸಿದ್ದಪ್ಪನವರು — ಗೆದ್ದು ಹೋಗಿದ್ದಾರೆ.

ಇಗೋ, ಈ ಮೇಜಿನ ಮೇಲಿನ ಗಾಜಿನ ತೊಟ್ಟಿ. ಇದರೊಳಗಿನ ನೀರುಗಿಡಗಳನ್ನು ದಡ್ಡಿ ಊರಿನ ಹೊಳೆಯಿಂದ ಅವರೇ ತಂದು ನೆಟ್ಟರು. ಅಂದು ನಮ್ಮ ಪ್ರಯೋಗಶಾಲೆ ಎಂದರೆ ಇದೊಂದೇ. "ನಾನು ಮತ್ತೆ ಬಂದಾಗ ಒಂದಾದರೂ ಪ್ರಯೋಗ ತೋರಿಸಿ. ಇಲ್ಲವಾದರೆ ವಿಜ್ಞಾನದ ತರಗತಿ ಮುಚ್ಚಿ, ಮಕ್ಕಳು ಬೆಳಗಾವಿಗೆ ಹೋಗಲಿ" ಎಂದು ಇನ್‌ಸ್ಪೆಕ್ಟರ್ ಸಾಹೇಬರು ಹೇಳಿ ಹೋಗಿದ್ದರು.

ಅಷ್ಟರಲ್ಲಿ ಎಲೆ ಹಳದಿಯಾಯಿತು. ಶಾಲಾ ಕಮಿಟಿಯ ಚೇರ್ಮನ್ನರು, ಪರಸಪ್ಪ ಕಾಕಾ — ಅಗೋ, ರುಮಾಲಿನ ಮರೆಯಲ್ಲಿ ನಗುತ್ತಿದ್ದಾರೆ — ಕಬ್ಬು ಬೆಳೆದ ಕೈಯಲ್ಲವೇ? ಯಾರನ್ನೂ ಕೇಳದೆ ಒಂದು ಬೊಗಸೆ ಸರಕಾರಿ ಗೊಬ್ಬರ — ಅದೇ, ಹೊಲಕ್ಕೆ ಹಾಕುವ ರಾಸಾಯನಿಕ ಗೊಬ್ಬರ — ಸುರಿದೇಬಿಟ್ಟರು. ವಾರದೊಳಗೆ ನೀರು ಪಾಚಿಗಟ್ಟಿ ಹಸಿರು ಗಂಜಿಯಾಯಿತು.

"ಗಿಡ ಅಂದಮ್ಯಾಲ ಉಣ್ಣಾಕ ಬ್ಯಾಡೇನ್ರಿ ಮಾಸ್ತರ?"

"ಬೇಕ್ರಿ ಕಾಕಾ. ಆದ್ರ ತೊಟ್ಟಿಲದಾಗಿನ ಕೂಸಿಗೆ ನೀವು ಮದವಿ ಊಟ ಬಡಿಸಿದ್ರಿ."

ಮಾಸ್ತರರು ನೀಲಿ ಲಿಟ್ಮಸ್ ಕಾಗದ ಅದ್ದಿದರು — ಕೆಂಪಾಯಿತು. "ನೀರು ಹುಳಿ ಆಗೈತಿ." ಹಳೆಯ ನೀರು ಹೊರಗೆ, ಹೊಳೆಯ ನೀರು ಒಳಗೆ. ಮತ್ತೆ ಕಾಗದ, ಮತ್ತೆ ನೀರು. ಕಾಗದ ನೀಲಿಯಾಗಿಯೇ ಉಳಿದ ದಿನ, ಚಿಟಿಕೆ ಗೊಬ್ಬರವನ್ನು ಕೊಡ ನೀರಿನಲ್ಲಿ ಕದಡಿ, ಅದರಲ್ಲೊಂದು ಚಮಚ — ಒಂದೇ ಚಮಚ — ಹಾಕಿದರು. ಇನ್ನೊಂದಕ್ಕೆ ಅವರ ವಿದ್ಯಾರ್ಥಿಗಳಾದ ನಾವು ಕೈ ಚಾಚಿದರೆ, "ಕೈ ಕಟ್ಟಿ ನಿಲ್ರಿ. ಸಾಕೋ ಬೇಕೋ, ಗಿಡಾನ ಹೇಳ್ತೈತಿ" ಎನ್ನುತ್ತಿದ್ದರು.

ಸಾಹೇಬರು ಬಂದರು. ನೀರು ತಿಳಿ, ಎಲೆ ಹಸಿರು. ಬಿಸಿಲು ಬಿದ್ದಂತೆ ಎಲೆಗಳಿಂದ ಗುಳ್ಳೆಗಳೆದ್ದು, ಬೋರಲಿಟ್ಟ ಗಾಜಿನ ನಳಿಕೆಯಲ್ಲಿ ಗಾಳಿ ತುಂಬಿತು. ಮಾಸ್ತರರು ತುದಿಯಲ್ಲಿ ಕೆಂಡ ಮಾತ್ರ ಉಳಿದಿದ್ದ ಕಡ್ಡಿಯನ್ನು ಅದರೊಳಗೆ ಹಿಡಿದರು — ಸಭಿಕರೇ — ಭಗ್ಗೆಂದು ಹೊತ್ತಿತು! ಗಿಡ ಬಿಟ್ಟ ಪ್ರಾಣವಾಯು ಅದು. ಸಾಹೇಬರು ಕುರ್ಚಿ ಬಿಟ್ಟು ಎದ್ದರು. "ಮತ್ತೊಮ್ಮೆ ತೋರಿಸಿ" ಎಂದರು. ಜೀವಮಾನವಿಡೀ ಬಣ್ಣ ಹಚ್ಚಿದ ನನಗೆ ಸಿಗದ ವನ್ಸ್ ಮೋರ್ — ಹೊಳೆಯ ಗಿಡಕ್ಕೆ ಸಿಕ್ಕಿತು.

ತರಗತಿ ಉಳಿಯಿತು. ಅದರಲ್ಲಿ ಕಲಿತ ಕಾಶೆವ್ವ ಇಂದು ಇದೇ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾರೆ.

ಮಹನೀಯರೇ, ಎಲ್ಲರೂ ಏಳಿ. ಕಣ್ಣು ಮುಚ್ಚುವುದು ಬೇಡ. ಅವರು ನಿಲ್ಲಿಸುತ್ತಿದ್ದಂತೆಯೇ, ಕೈ ಕಟ್ಟಿ, ಮಾತಿಲ್ಲದೆ, ತೊಟ್ಟಿಯನ್ನೇ ನೋಡುತ್ತ — ಬಿಸಿಲು ಈಗ ಅದರ ಮೇಲೆ ಬಂದಿದೆ — ಮೊದಲ ಗುಳ್ಳೆ ಏಳುವ ತನಕ ನಿಲ್ಲೋಣ.