ಮಾದಯ್ಯನ ಕೋಟು

೧೯೯೯ರ ಆ ಸಂಜೆ ಒಂಟಿಕೊಪ್ಪಲ್ ಬಸ್‌ಸ್ಟಾಪಿನಲ್ಲಿ ಅರ್ಧ ಮೈಸೂರೇ ನಿಂತಿತ್ತು. ಇಟಲಿಯ ಹಳೇ ಆಫೀಸು ಕಾಮಿಡಿ ಸಿನಿಮಾ ನೋಡಿ ಬಂದಿದ್ದ, ಕಾರ್ಖಾನೆಯೊಂದರ ನಿವೃತ್ತ ಅಟೆಂಡರ್ ಸಿದ್ದಪ್ಪಾಜಿಯ ಮುಖ ಮಾತ್ರ ಮೂರು ಮೊಳ ಇಳಿದಿತ್ತು. ಜೊತೆಗಿದ್ದವರು ಅದೇ ಕಾರ್ಖಾನೆಯಲ್ಲಿ ಟೈಪಿಸ್ಟ್ ಆಗಿದ್ದ ಪ್ರೇಮಲೀಲಾ.

“ಥೇಟ್ ನಮ್ಮಾಫೀಸೇ ಕಣ್ರೀ! ಸಾಹೇಬರಿಗೆ ಪಿಂಗಾಣಿ ಕಪ್ಪು, ನಮಗೆ ಸ್ಟೀಲ್ ಲೋಟ. ಎಂಥಾ ದಿನಗಳು!”

“ಕಾಪಿ ತರೋನಿಗೆ ಹೆಸರೇ ಇಟ್ಟಿಲ್ವಲ್ಲಮ್ಮ ಅದ್ರಲ್ಲಿ.”

“ನಾವು ಹಂಗಲ್ಲಪ್ಪ. ಇಪ್ಪತ್ತು ವರ್ಷ ನಿಮ್ಮನ್ನ ‘ಮಾದಯ್ಯ’ ಅಂತ ಬಾಯ್ತುಂಬ ಕರೀಲಿಲ್ವೇ?”

“ಮಾದಯ್ಯ ನನ್‌ಗಿಂತ ಮುಂಚೆ ಇದ್ದೋರು ಕಣಮ್ಮ. ಅವರ ಕೋಟೇ ನಂಗೂ ಕೊಟ್ರು, ಹೆಸರಿನ ಬಿಲ್ಲೆ ಸಮೇತ.”

“ಅಯ್ಯೋ! ಹೇಳ್ಬಾರ್ದಿತ್ತೇ?”

“ಬೆಲ್ ಹೊಡೆದು ಕಾಪಿ ಕೇಳೋರು. ಹೆಸರು ಯಾರು ಕೇಳಿದ್ರು? ನನ್ ಹೆಸರು ಸಿದ್ದಪ್ಪಾಜಿ ಅಂತ.”

ಅಷ್ಟರಲ್ಲಿ ಬಸ್ಸು ಬಂತು. ಪ್ರೇಮಲೀಲಾ ಜನಸಾಗರವನ್ನೇ ಸೀಳಿಕೊಂಡು ಹತ್ತಿ, ಚಾಮುಂಡಿಬೆಟ್ಟಕ್ಕೂ ಕೇಳುವಂತೆ ಕಿಟಕಿಯಿಂದ ಕೂಗಿದರು:

“ಸಿದ್ದಪ್ಪಾಜಿಯವ್ರೇ, ಸೀಟು ಹಿಡಿದಿದ್ದೀನಿ, ಬೇಗ ಹತ್ತಿ!”